ಬಣ್ಣದ ಕೆಳಗಿನ ಗೆರೆ

ಹಸಿ ಬಣ್ಣದ ವಾಸನೆ, ಬಿಳಿಯೂ ಅಲ್ಲ ಹಳದಿಯೂ ಅಲ್ಲ, ಕೆನೆ ಬಣ್ಣವಂತೆ, ಮೂಗಿನಿಂದ ಇಳಿದು ಗಂಟಲಲ್ಲೇ ಠಿಕಾಣಿ ಹೂಡಿದೆ, ಗೋಡೆ ಮುಟ್ಟಬೇಡಿ ಎಂದು ಮಾರಿಗೊಂದು ಚೀಟಿ, ಮುಟ್ಟಬೇಡಿ ಅಂದಮೇಲೂ ಮುಟ್ಟಬೇಕು ಅನ್ನಿಸದಿದ್ದರೆ ಅದು ಬೆರಳೇ ಅಲ್ಲ, ಯೊನೆಟ್ ಅಡೋನಿಸ್ ತನ್ನ ಬೆರಳುಗಳನ್ನು ಮಡಿಲಲ್ಲಿದ್ದ ಹುಡುಗರ ಪ್ರಬಂಧದ ಪುಸ್ತಿಕೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಾಳೆ, ಎರಡನೆಯ ಸಾಲು, ಬಿಳಿ ಅಂಗಿ, ಕ್ರಿಸ್‌ಮಸ್ಸಿಗೆಂದು ಹೊಲಿಸಿದ್ದನ್ನು ವಾರ ಮುಂಚೆಯೇ ಹಾಕಿಕೊಂಡು ಬಂದಿದ್ದಾಳೆ, ಕೆಲಸ ಹೋಗುವ ದಿನವಾದರೂ ಚೆನ್ನಾಗಿ ಕಾಣಬೇಕಲ್ಲ. ವೇದಿಕೆಯ ಮೇಲೆ ಪ್ರಾಂಶುಪಾಲ ಬೋವೆಲ್ ಮಾತಾಡುತ್ತಿದ್ದಾನೆ, ಹೊಸ ಪ್ರಯೋಗಾಲಯ, ಹೊಸ ಯುಗ, ಹೊಸ ದಿಗಂತ, ಈ ಮನುಷ್ಯನ ಬಾಯಲ್ಲಿ ಹಳೆಯದು ಅಂತ ಒಂದಿದ್ದರೆ ಅವನ ಜೋಕು ಮಾತ್ರ, ಪಕ್ಕದಲ್ಲಿ ಇಲಾಖೆಯಿಂದ ಬಂದ ಅತಿಥಿ, ಅಗಲ ಟೋಪಿಯ ದಪ್ಪ ಹೆಂಗಸು, ಬೀಸಣಿಗೆಯ ಹಾಗೆ ಪುಸ್ತಿಕೆಯನ್ನು ಬೀಸಿಕೊಳ್ಳುತ್ತಿದ್ದಾಳೆ — ಬೀಸಿಕೊಳ್ಳಲಿ, ಮೂರನೆಯ ಅಧ್ಯಾಯ ಇಲ್ಲದಮೇಲೆ ಅದು ಹಗುರವಾಗಿದೆ. ಎರಡನೆಯ ಅಧ್ಯಾಯ ಮುಗಿದ ಕೂಡಲೇ ನಾಲ್ಕನೆಯದು, ನಡುವೆ ಏನೂ ಇಲ್ಲ, ಹಲ್ಲು ಕಿತ್ತ ಜಾಗದ ಹಾಗೆ, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಅಷ್ಟು ಪ್ರತಿಗಳನ್ನೂ ರಾತ್ರೋರಾತ್ರಿ ಬಿಚ್ಚಿ ಹಾಳೆ ತೆಗೆದು ಮತ್ತೆ ಪಿನ್ ಹೊಡೆಸಿದ್ದಾನೆ ಬೋವೆಲ್, ಕೆಲಸದಲ್ಲಿ ಅಚ್ಚುಕಟ್ಟು, ಅದನ್ನು ಒಪ್ಪಬೇಕು. ಹಾಳೆ ಕಿತ್ತರೆ ನೀರು ಇಳಿಯುತ್ತದೆಯೇ ಸ್ವಾಮಿ.

ನಿನ್ನೆ ಅವನ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು, ಕೂತ್ಕೊಳ್ಳಿ ಮಿಸ್ ಅಡೋನಿಸ್, ಮಾಬಿ ಕುಡೀತೀರಾ, ಅಂದ, ಇಷ್ಟು ವರ್ಷಗಳಲ್ಲಿ ಒಂದು ಲೋಟ ನೀರು ಕೊಡದವನು ತೊಗಟೆ ಕುದಿಸಿದ ಮಾಬಿ ಶರಬತ್ತು ಕೊಡುತ್ತಾನೆ ಅಂದರೆ ಏನೋ ಇದೆ ಅಂದುಕೊಂಡಳು, ಇತ್ತು. ನಿಮ್ಮ ಹುಡುಗರ ಪ್ರಬಂಧ ಓದ್ದೆ, ಬಹಳ ಚೆನ್ನಾಗಿದೆ, ಮೂರನೇ ಅಧ್ಯಾಯ ಒಂದನ್ನ ಬಿಟ್ಬಿಡೋಣ. ಯಾಕೆ ಸರ್. ಅದ್ರಲ್ಲಿ ನಮ್ಮ ಹೊಸ ಕಟ್ಟಡದ ಸುದ್ದಿ ಬರುತ್ತೆ, ನೆಲಮಟ್ಟ ತಗ್ಗು ಅಂತೆ, ನೀರು ನುಗ್ಗುತ್ತಂತೆ, ದುಡ್ಡು ಕೊಡೋರ ಎದುರಿಗೆ ಅದನ್ನ ಓದಿದ್ರೆ ಹೇಗೆ. ಕಂಬದ ಮೇಲೆ ಕಟ್ಟಿ ಅಂತ ತಾನೇ ಬರ್ದಿರೋದು, ಕಟ್ಟಲೇಬೇಡಿ ಅಂದಿಲ್ವಲ್ಲ, ಅಂದಳು ಯೊನೆಟ್. ನಕ್ಷೆ ಆಗ್ಹೋಗಿದೆ ರೀ, ಎಣ್ಣೆ ಕಂಪನಿಯೋರು ಒಪ್ಪಿದಾರೆ, ಈಗ ಕಂಬ ಅಂದ್ರೆ ಮತ್ತೆ ಮೊದಲಿಂದ ಶುರು, ಎಷ್ಟು ವರ್ಷದಿಂದ ಒಂದು ಸರಿಯಾದ ಸೂಕ್ಷ್ಮದರ್ಶಕ ಇಲ್ದೆ ಪಾಠ ಮಾಡ್ತಿದೀವಿ ನಿಮಗೆ ಗೊತ್ತಿಲ್ವಾ — ಅಷ್ಟು ಹೇಳುವಾಗ ಅವನ ದನಿ ನಿಜಕ್ಕೂ ಬಿರುಕುಬಿಟ್ಟಿತು, ಅದೇ ಅವಳನ್ನು ಕೆರಳಿಸಿದ್ದು, ಪೂರಾ ಕಳ್ಳನಾಗಿದ್ದರೆ ಬೈದುಕೊಂಡು ಎದ್ದು ಬರಬಹುದಿತ್ತು. ಅವನು ಒಳನಾಡಿನ ಗುಡ್ಡದ ಊರಿನವನು, ಕಾಲು ಒದ್ದೆಯಾದರೆ ಮಳೆ ಬಂತು ಅಂದುಕೊಳ್ಳುವ ಜನ, ನಾವು ಕರಾವಳಿಯವರು, ಉಬ್ಬರದ ಹೊತ್ತಿಗೆ ಕಡಲು ನಮ್ಮ ತಲೆಗಿಂತ ಎತ್ತರದಲ್ಲಿ ಓಡಾಡುತ್ತಿರುತ್ತದೆ, ನಡುವೆ ಒಂದು ಗೋಡೆ ಮಾತ್ರ. ಆಮೇಲೆ ಬೋವೆಲ್ ಒಂದು ಕಡತದ ಮೇಲೆ ಬೆರಳಿನಿಂದ ತಟ್ಟಿದ, ಜನವರಿಯಲ್ಲಿ ನಿಮ್ಮ ಕೆಲಸ ಕಾಯಂ ಮಾಡೋ ವಿಚಾರ ನನ್ನ ಕೈಲಿದೆ, ಪಾಪ ಪ್ರತಿವರ್ಷ ಕಾಯ್ತೀರಿ. ಹೇಳಬೇಕಾದ್ದನ್ನು ಹೇಳದೆಯೇ ಹೇಳಿದ. ಪ್ರಬಂಧ ನನ್ನದಲ್ಲ ಸರ್, ಹುಡುಗರದು, ಬಿಡಿ ಅಂತ ನೀವೇ ಅವರಿಗೆ ಹೇಳ್ಕೊಳ್ಳಿ, ಅಂದುಬಿಟ್ಟಳು, ಮಾಬಿ ಕುಡಿಯದೆ ಎದ್ದಳು, ಮೆಟ್ಟಿಲಿಳಿಯುವಾಗ ಬೆರಳು ತಾನಾಗಿ ತಿಂಗಳ ಖರ್ಚು ಎಣಿಸುತ್ತಿತ್ತು, ಎಣಿಸಲಿ, ಬೆರಳಿಗೆ ಸಂಬಳದ ಚಿಂತೆ, ಬಾಯಿಗೆ ಇಲ್ಲ.

ಚಪ್ಪಾಳೆ, ಯಾತಕ್ಕೋ, ಅವಳೂ ತಟ್ಟಿದಳು, ಕೆನೆ ಬಣ್ಣದ ವಾಸನೆ ಇನ್ನೊಂದು ಅಲೆ ಬಂತು. ಮುಂದಿನ ಸಾಲಿನ ತುದಿಯಲ್ಲಿ ಖೇಮ್‌ರಾಜ್ ಕೂತಿದ್ದಾನೆ, ಕತ್ತಿನ ಹಿಂಭಾಗ ಬೆವರಿದೆ, ಅವನ ಆಜಿ, ಅಪ್ಪನ ತಾಯಿ, ಬಲವಂತವಾಗಿ ಕಟ್ಟಿಸಿದ ಟೈ, ಪಕ್ಕದಲ್ಲಿ ಟಿಶಾನಾ ಅವನ ಕಿವಿಯಲ್ಲಿ ಏನೋ ಊದುತ್ತಿದ್ದಾಳೆ, ಆ ಹುಡುಗಿಗೆ ಪಿಸುಮಾತು ಅಂದರೂ ಮೂರು ಸಾಲಿಗೆ ಕೇಳಬೇಕು. ಇದೇ ಖೇಮ್‌ರಾಜ್ ಆಗಸ್ಟಿನಲ್ಲಿ ಬರೆದು ತಂದ ಮೊದಲ ಪುಟ — ಅನಾದಿ ಕಾಲದಿಂದಲೂ ಭೂಮಂಡಲದ ಹವಾಮಾನ ಬದಲಾಗುತ್ತಾ ಬಂದಿದ್ದು, ಹಿಮಕರಡಿಗಳು ಸಂಕಷ್ಟದಲ್ಲಿವೆ. ನೀನು ಹಿಮಕರಡಿ ನೋಡಿದೀಯೇನಪ್ಪ. ಇಲ್ಲ ಮಿಸ್. ನಿಮ್ಮನೆ ಹಿತ್ತಲಿಗೆ ಬಂದಿತ್ತಾ. ಇಲ್ಲ ಮಿಸ್. ಮತ್ತೆ ಅದರ ಸಂಕಷ್ಟ ನಿಂಗ್ಯಾರು ಹೇಳಿದ್ದು, ನಿಂಗೆ ಹೆಂಗೆ ಗೊತ್ತು. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ, ಇಪ್ಪತ್ತೆಂಟು ಜನರೂ ಹಿಮಕರಡಿಯನ್ನೇ ತಂದಿದ್ದರು, ಒಂದೇ ಕರಡಿ, ಒಂದೇ ಜಾಲತಾಣದಿಂದ ಇಳಿಸಿಕೊಂಡದ್ದು, ಒಂದೇ ಕಡೆ ಅಲ್ಪವಿರಾಮ ತಪ್ಪಿತ್ತು. ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಪೈಕಿ. ಅವತ್ತು ಕರಿಹಲಗೆಯ ಮೇಲೆ ಎರಡೇ ಪ್ರಶ್ನೆ ಬರೆದು ಚೌಕಟ್ಟು ಹಾಕಿದಳು, ಯಾರು ಹೇಳಿದರು, ನಿನಗೆ ಹೇಗೆ ಗೊತ್ತು, ವರ್ಷವೆಲ್ಲ ಒರೆಸಬಾರದು ಅಂದಳು. ಸಹೋದ್ಯೋಗಿಗಳು ಚಹಾದ ಹೊತ್ತಿಗೆ ಛೇಡಿಸಿದರು, ಯೊನೆಟ್, ನೀನು ಬರವಣಿಗೆ ಕಲಿಸೋಳು, ಪ್ಯಾರಾ ಕಲಿಸು ಕಾಮಾ ಕಲಿಸು, ಹವಾಮಾನ ನಿನಗ್ಯಾಕೆ. ಹೇಳೋದಕ್ಕೆ ಏನಾದ್ರೂ ಇದ್ರೆ ತಾನೇ ಕಾಮಾ ಎಲ್ಲಿಡಬೇಕು ಅಂತ ಯೋಚ್ನೆ, ಅಂದಿದ್ದಳು. ಈಗಲೂ ಅದನ್ನೇ ಅನ್ನುತ್ತಾಳೆ, ಯಾರು ಬೇಕಾದರೂ ಕೇಳಲಿ.

ಟಿಶಾನಾ ಒಂದು ದಿನ ಎದ್ದು ನಿಂತು, ಮಿಸ್, ನೀವು ಎಣ್ಣೆ ಕಂಪನೀನ ಬೈತೀರಿ, ನಮ್ಮಣ್ಣ ಅಲ್ಲೇ ಕಡಲಲ್ಲಿ ಕೆಲಸ ಮಾಡೋದು, ನಮ್ಮನೇಲಿ ಫ್ರಿಜ್ ಬಂದಿದ್ದು ಅದ್ರಿಂದ, ಅಂದಳು, ಸೊಂಟದ ಮೇಲೆ ಕೈ. ಹಾಗಾದ್ರೆ ಅದನ್ನೂ ಬರಿ, ಅಂದಳು ಯೊನೆಟ್, ಫ್ರಿಜ್ ಬಂತು ಅಂತ ಬರಿ, ಅದನ್ನ ನೆಲದ ಮೇಲೆ ಇಟ್ರಾ ಕಲ್ಲಿನ ಮೇಲೆ ಇಟ್ರಾ ಅಂತಾನೂ ಬರಿ. ನಾಲ್ಕು ಇಟ್ಟಿಗೆ ಮೇಲೆ ಮಿಸ್, ಅಂದಳು ಟಿಶಾನಾ, ನಮ್ಮಜ್ಜಿ ಹಂಗೇ ಇಡಬೇಕು ಅಂತಾರೆ, ಯಾಕೆ ಅಂತ ನಂಗೊತ್ತಿಲ್ಲ. ಯಾಕೆ ಅಂತ ಕೇಳ್ಕೊಂಡು ಬಾ. ಅಲ್ಲಿಂದ ಶುರುವಾಯಿತು ಎಲ್ಲ, ನಾಲ್ಕು ಇಟ್ಟಿಗೆಯಿಂದ, ಪ್ರತಿಮನೆಯ ಮುದುಕ ಮುದುಕಿಯರೂ ಒಂದೇ ಮಾತು ಹೇಳಿದರು, ದೊಡ್ಡ ನೀರು ಬಂದಿತ್ತಲ್ಲ ಆಗ ಇಲ್ಲೀವರೆಗೆ — ಮತ್ತು ಆ ಇಲ್ಲೀವರೆಗೆ ಅನ್ನುವುದು ಒಬ್ಬರ ಸೊಂಟ, ಒಬ್ಬರ ಭುಜ, ಒಬ್ಬರಿಗೆ ತಲೆಯ ಮೇಲೆ ಕೈಯೆತ್ತಿದಷ್ಟು. ನೆನಪಿನಲ್ಲಿ ನೀರು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಎತ್ತರ. ಗೆರೆ ಇರ್ಬೇಕಲ್ಲ ಮಿಸ್, ಅಂದ ಖೇಮ್‌ರಾಜ್, ಕೆಸರುನೀರು ನಿಂತಮೇಲೆ ಗೋಡೆ ಮೇಲೆ ಕಂದು ಗೆರೆ ಬಿಟ್ಟೇ ಹೋಗಿರುತ್ತೆ. ಎಲ್ಲಿದೆ ತೋರಿಸು. ಇಲ್ಲ, ಎಲ್ಲೂ ಇರಲಿಲ್ಲ, ಲೇಟ್ ಕಂಫರ್ಟ್ ಊರಿನ ಒಂದು ಮನೆಯಲ್ಲೂ ಇರಲಿಲ್ಲ, ಕ್ರಿಸ್‌ಮಸ್ ಬಂದಿತ್ತಲ್ಲ, ಪ್ರತಿವರ್ಷ ಬರುತ್ತದಲ್ಲ. ಈ ಊರಿನಲ್ಲಿ ಹೊಟ್ಟೆಗಿಲ್ಲದಿದ್ದರೂ ಕ್ರಿಸ್‌ಮಸ್ಸಿಗೆ ಗೋಡೆಗೆ ಬಣ್ಣ ಆಗಲೇಬೇಕು, ಹಿಂದೂ ಮನೆಯಾಗಲಿ ಮುಸಲ್ಮಾನರ ಮನೆಯಾಗಲಿ, ಹಳೆ ಪರದೆ ಇಳಿಸಿ ಹೊಸ ಪರದೆ ಏರಿಸಿ, ಕಪ್ಪು ಕೇಕಿಗೆ ಹಣ್ಣು ರಮ್ಮಿನಲ್ಲಿ ನೆನೆಹಾಕಿ, ಕೊನೆಯ ರಾತ್ರಿ ಒಂದು ಕೈ ಬಣ್ಣ ಬಳಿದು ಮಲಗಬೇಕು, ಬೆಳಿಗ್ಗೆ ಊರೆಲ್ಲ ಹಸಿ ಬಣ್ಣದ ವಾಸನೆ. ನೀರು ಬಂದ ವರ್ಷವೂ ಬಳಿದರು. ಆ ವರ್ಷ ಇನ್ನೂ ದಪ್ಪಗೆ ಬಳಿದರು.

ಕೆರೆದು ನೋಡೋಣ ಅಂದವರು ಯಾರು, ಖೇಮ್‌ರಾಜನೋ ಟಿಶಾನಾಳೋ, ಇಬ್ಬರೂ ತಾನು ತಾನು ಅನ್ನುತ್ತಾರೆ, ಟಿಪ್ಪಣಿಯಲ್ಲಿ ಇಬ್ಬರ ಹೆಸರೂ ಹಾಕಿ ಅಂದಿದ್ದಳು ಯೊನೆಟ್. ಖೇಮ್‌ರಾಜನ ಆಜಿಯ ಮನೆಯ ಅಡುಗೆಕೋಣೆಯ ಗೋಡೆ, ಅಗಲ ಅಲಗಿನ ಚಾಕು, ಮೇಲೆ ಗುಲಾಬಿ, ಅದರ ಕೆಳಗೆ ನೀಲಿ, ಅದರ ಕೆಳಗೆ ಇನ್ನೊಂದು ನೀಲಿ, ಆ ವರ್ಷ ನಿಮ್ಮಜ್ಜ ಬಣ್ಣ ಬದಲಾಯಿಸಕ್ಕೆ ಬಿಡ್ಲಿಲ್ಲ ಕಣೋ, ಅಂದರಂತೆ ಆಜಿ, ಒಂದೊಂದು ಪದರಕ್ಕೂ ಒಂದೊಂದು ಕ್ರಿಸ್‌ಮಸ್ಸಿನ ಕಥೆ, ಪದರ ಎಣಿಸಿದರೆ ವರ್ಷ, ಹೌದಲ್ಲ, ಕಡಿದ ಮರದ ಉಂಗುರ ಎಣಿಸುತ್ತಾರಲ್ಲ ಹಾಗೆ. ಮಿಸ್, ಸಿಕ್ತು ಮಿಸ್ ಗೆರೆ, ಅಂತ ಅವನು ಫೋನಿನಲ್ಲಿ ಕೂಗಿದಾಗ ಅವಳು ಬಸ್ಸಿನಲ್ಲಿದ್ದಳು, ಹಾಡಿನ ಗದ್ದಲ, ಏನು ಸಿಕ್ತು, ಗೆರೆ ಮಿಸ್ ಗೆರೆ. ಆಮೇಲೆ ಮನೆಮನೆ, ಮಟ್ಟ ನೋಡುವ ನೀರಿನ ಪೈಪು ಹಿಡಿದು ಬೀದಿಬೀದಿ, ಒಂದು ಗೆರೆಯಿಂದ ಇನ್ನೊಂದು ಗೆರೆಗೆ, ಸುಳ್ಳು ಹೇಳುವ ಮನೆ ಯಾವುದು ನಿಜ ಹೇಳುವ ಮನೆ ಯಾವುದು, ಕಂಡದ್ದನ್ನೂ ಪ್ರಮಾಣಿಸಿ ನೋಡು ಅಂತ ಅವಳೇ ಕಲಿಸಿದ್ದು, ಕೆರೆದ ಕಡೆಯೆಲ್ಲ ಗೆರೆಯ ಪಕ್ಕ ಆ ಮನೆಯವರೊಬ್ಬರು ನಿಲ್ಲಬೇಕು ಅನ್ನುವುದು ಖೇಮ್‌ರಾಜನ ನಿಯಮ, ಅಳತೆಪಟ್ಟಿ ನೋಡಿದ್ರೆ ಯಾರಿಗೂ ಏನೂ ಅನ್ಸಲ್ಲ ಮಿಸ್, ಆಳು ನಿಂತ್ರೆ ಅನ್ಸುತ್ತೆ. ಮತ್ತೆ ಒಂದೇ ಗೆರೆ ಅಲ್ಲ, ಅದೇ ಮೂರನೆಯ ಅಧ್ಯಾಯ, ದೊಡ್ಡ ನೀರಿನ ಗೆರೆಯ ಮೇಲೆ ಬಣ್ಣ ಹತ್ತಾರು ಪದರ ಬಂದಮೇಲೆ, ಗೋಡೆಯಲ್ಲಿ ಅದಕ್ಕಿಂತ ತಗ್ಗಿಗೆ, ಇನ್ನೊಂದು ಸಣ್ಣ ಗೆರೆ, ಅದಾದಮೇಲೆ ನಾಲ್ಕೇ ಪದರಕ್ಕೆ ಮತ್ತೊಂದು, ಆಮೇಲೆ ಎರಡೇ ಪದರಕ್ಕೆ, ನಡುವಿನ ಕ್ರಿಸ್‌ಮಸ್ಸುಗಳು ಕಡಿಮೆಯಾಗುತ್ತಾ ಬಂದಿವೆ, ಮೊದಲು ಮಳೆ ತಂದ ನೀರು ಈಗ ಕಡಲು ಗೋಡೆ ಹಾರಿ ತರುತ್ತಿದೆ, ಕಾಲೇಜಿನ ಹೊಸ ಕಟ್ಟಡ ಕಂಬದ ಮೇಲಿರಲಿ, ಇಷ್ಟೇ ಬರೆದದ್ದು, ಹಿಮಕರಡಿ ಇಲ್ಲ, ಭೂಮಂಡಲ ಇಲ್ಲ, ಅನಾದಿ ಕಾಲ ಇಲ್ಲ. ಎಂಥಾ ಶುದ್ಧ ವಾಕ್ಯಗಳು ಬರೆದಿದ್ದ ಆ ಹುಡುಗ, ಓದಿ ಅವಳಿಗೆ ಅಳು ಬಂದಿತ್ತು, ಕೆಂಪು ಶಾಯಿಯ ಪೆನ್ನು ಮುಚ್ಚಿ ಪಕ್ಕಕ್ಕಿಟ್ಟಿದ್ದಳು.

ಯೊನೆಟ್‌ಳ ಅಮ್ಮ ಮಾತ್ರ ಒಪ್ಪಲಿಲ್ಲ. ಊರೆಲ್ಲ ಕೆರೆಸಿಕೊಂಡಿತು, ಮಿಸ್ ಮನೆಯದೇ ಇಲ್ಲ, ಟಿಶಾನಾ ಬೇಕಂತಲೇ ಎಲ್ಲರೆದುರು ಕೇಳಿದ್ದಳು. ನಮ್ಮ ಮನೆ ಕಂಬದ ಮೇಲಿನದು, ಕೆಳಗೆ ಉಯ್ಯಾಲೆಹಾಸು, ಅಪ್ಪನ ಒಲೆ ಅಲ್ಲೇ ಇತ್ತು, ಜಡೆಯ ಹಾಗೆ ಹೆಣೆದ ರೊಟ್ಟಿ ಸುಡುತ್ತಿದ್ದ, ದೊಡ್ಡ ನೀರು ಬಂದಾಗ ಮೇಲಿನ ಮನೆಗೆ ಹಿಟ್ಟು ಏರಿಸಿ ಅಮ್ಮನ ಪುಟ್ಟ ಒಲೆಯಲ್ಲೇ ಸುಟ್ಟು, ಬುಟ್ಟಿ ತಲೆಯ ಮೇಲೆ ಹೊತ್ತು ನೀರಿಗಿಳಿದು ಮನೆಮನೆಗೆ ಹೋಗುತ್ತಿದ್ದ, ಬೇಡ ಕಣ್ರೀ ಅಂತ ಅಮ್ಮ ಮೆಟ್ಟಿಲ ಮೇಲಿಂದ, ನೋಡು ಐನೆಜ್, ಬಾಚಣಿಗೆ ಕೂಡ ನೆಂದಿಲ್ಲ, ಅಂತ ಅವನು ಕಂಬ ಹಿಡಿದು ನಿಂತು, ಅಂಗಿಯ ಜೇಬಿನಲ್ಲಿ ಕಪ್ಪು ಬಾಚಣಿಗೆ, ನೀರು ಅದಕ್ಕೆ ಒಂದು ಬೆರಳು ಕೆಳಗೆ. ನೀರು ಇಳಿಯಿತು, ಅಪ್ಪನಿಗೆ ಜ್ವರ ಬಂತು, ಇಲಿಜ್ವರ, ಕಣ್ಣು ಹಳದಿಯಾಯಿತು, ಮಂಡಿ ಹಿಡಿದುಕೊಂಡು ನರಳಿದ, ರೊಟ್ಟಿ ತಿಂದವರೆಲ್ಲ ಬದುಕಿದರು. ಆ ಕ್ರಿಸ್‌ಮಸ್ಸಿಗೆ ಅಮ್ಮ ತಾನೇ ಕುಂಚ ಹಿಡಿದಳು, ಕಂಬಕ್ಕೆ ಹಸಿರು, ಮರುವರ್ಷ ಹಸಿರು, ಯಾವತ್ತೂ ಹಸಿರು, ಯೊನೆಟ್ ಮೊನ್ನೆಯವರೆಗೆ ಅದನ್ನು ಶೋಕಿ ಅಂತಲೇ ಅಂದುಕೊಂಡಿದ್ದಳು. ಏನೇ ಹುಡುಗಿ, ನಿಮ್ಮಪ್ಪನ್ನ ತಿಂದ ಗೆರೆ ಅದು, ಅದನ್ನ ಕೆರ್ದು ಅಂಕ ಹಾಕ್ತೀಯಾ, ಅಂದಳು ಅಮ್ಮ, ಪೆಪ್ಪರ್‌ಪಾಟ್ ಮಾಂಸದ ಸಾರು ಕುದಿಯುತ್ತಿತ್ತು, ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿದಳು, ಮಾತು ಮುಗಿಯಿತು ಅಂತ ಅರ್ಥ. ಯೊನೆಟ್ ಮತ್ತೆ ಕೇಳಲಿಲ್ಲ, ಕೇಳುವ ಧೈರ್ಯ ಬರಲಿಲ್ಲ. ಕೇಳಿದವನು ಖೇಮ್‌ರಾಜ್, ಪೈಪು ಹೆಗಲಿಗೆ ಸುತ್ತಿಕೊಂಡು ಗೇಟಿನ ಹತ್ತಿರ ನಿಂತು, ಆಂಟಿ, ನಾನು ಕೆರೆಯೋದಕ್ಕೆ ಬಂದಿಲ್ಲ, ಅಂಕಲ್ ರೊಟ್ಟಿ ತಗೊಂಡು ನಮ್ಮಾಜಿ ಮನೇಗೂ ಬಂದಿದ್ರಂತೆ, ಎಷ್ಟು ನೀರಲ್ಲಿ ಬಂದ್ರು ಅಂತ ತಿಳ್ಕೊಬೇಕಿತ್ತು, ಅಷ್ಟೆ. ಊಟ ಮಾಡಿದ್ಯೇನೋ, ಅಂದಳು ಅಮ್ಮ. ತಟ್ಟೆ ತುಂಬ ಬಡಿಸಿ ತಿನ್ನಿಸಿ ಆಮೇಲೆ ತಾನೇ ಕಂಬದ ಹತ್ತಿರ ಕರೆದುಕೊಂಡು ಹೋಗಿ, ತಾನೇ ಚಾಕು ಕಿತ್ತುಕೊಂಡು ತಾನೇ ಕೆರೆದಳು. ಈ ವರ್ಷ ವಾರ ಮುಂಚೆಯೇ ಮನೆಯೆಲ್ಲ ಬಣ್ಣ ಆಗಿದೆ, ಆ ಕಂಬದ ಮೇಲೆ ಒಂದು ಅಂಗೈಯಗಲ ಮಾತ್ರ ಇಲ್ಲ, ಆಂಟಿ ಐನೆಜ್‌ಗೆ ಬಣ್ಣ ಸಾಲಲಿಲ್ವೇನೋ ಅಂತ ಬೀದಿಯವರು, ಸಾಲ್ತು, ಬಿಟ್ಟಿದೀನಿ, ಅಂತ ಅಮ್ಮ. ಬೆಳಿಗ್ಗೆ ಹೊರಡುವಾಗ ಯೊನೆಟ್ ನೋಡಿದಳು, ಹಸಿರಿನ ನಡುವೆ ಬೋಳು ಚೌಕ, ಅದರ ನಡುವೆ ಕಂದು ಗೆರೆ.

ಖೇಮ್‌ರಾಜನ ಹೆಸರು ಕರೆದರು. ಎದ್ದ, ವೇದಿಕೆ ಹತ್ತಿದ, ಟೈ ಸಡಿಲಿಸಿದ, ಪುಸ್ತಿಕೆ ತೆರೆದ, ದನಿ ಮೊದಲು ಗುಬ್ಬಿಯದು ಆಮೇಲೆ ಅವನದು, ಒಂದನೆಯ ಅಧ್ಯಾಯ, ಎರಡನೆಯದು, ಬೋವೆಲ್ ಕಾಲಮೇಲೆ ಕಾಲು ಹಾಕಿಕೊಂಡು ಒಳ್ಳೆಯ ಮಗುವಿನ ತಂದೆಯ ಹಾಗೆ ತಲೆಯಾಡಿಸುತ್ತಿದ್ದಾನೆ, ಈಗ ಬರುತ್ತದೆ, ಆ ಕಿತ್ತ ಹಲ್ಲಿನ ಜಾಗ, ಈಗ ಅವಳು ಎದ್ದು ನಿಂತು ಹೇಳಬೇಕೇ, ಇಲ್ಲೊಂದು ಅಧ್ಯಾಯ ಇತ್ತು ಅಂತ, ಎದ್ದರೆ ಜನವರಿ ಇಲ್ಲ, ಏಳದಿದ್ದರೆ ಕರಿಹಲಗೆಯ ಆ ಎರಡು ಪ್ರಶ್ನೆಗಳನ್ನು ಸೋಮವಾರ ಯಾವ ಮುಖ ಇಟ್ಟುಕೊಂಡು ತೋರಿಸುವುದು, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಏಳುತ್ತಾಳೆ, ಎದ್ದೇ ಏಳುತ್ತಾಳೆ, ಮಂಡಿಯೇ ಎದ್ದೇಳು — ಅಷ್ಟರಲ್ಲಿ ಖೇಮ್‌ರಾಜ್ ನಿಲ್ಲಿಸಿದ. ಪುಟ ತಿರುವಲಿಲ್ಲ. ಮೂರನೇ ಅಧ್ಯಾಯ ನಿಮ್ಮ ಕೈಲಿರೋ ಪ್ರತೀಲಿ ಇಲ್ಲ, ಅದನ್ನ ಓದಬೇಡ ಅಂದಿದಾರೆ, ಹಾಗಾಗಿ ಓದಲ್ಲ, ಅಂದ. ಸಭೆ ಕುರ್ಚಿಗಳಲ್ಲಿ ಸರಿದಾಡಿತು. ಅದ್ರಲ್ಲಿ ಒಂದು ಮಾತಿತ್ತು, ಅದಿನ್ನೂ ಪರೀಕ್ಷೆ ಆಗಿಲ್ಲ, ಗೋಡೆ ಕೆರೆಯೋದಕ್ಕೆ ಅನುಮತಿ ಸಿಗ್ಲಿಲ್ಲ, ಊರಿನ ಮನೆಗಳ ಗೆರೆಯಿಂದ ಪೈಪು ಹಿಡ್ಕೊಂಡು ಬಂದ್ರೆ ದೊಡ್ಡ ನೀರು ಇದೇ ಸಭಾಂಗಣದಲ್ಲಿ ಇಷ್ಟು ಎತ್ತರ ನಿಂತಿರ್ಬೇಕು. ಅಲ್ಲಪ್ಪ, ಇದು ಕಾಲೇಜು, ಇಲ್ಲಿ ನೀರು ಬಂದಿದ್ದು ನಾನು ಕೇಳೇ ಇಲ್ಲ, ಅಂದಳು ಟೋಪಿಯ ಅತಿಥಿ, ಬೀಸಣಿಗೆ ನಿಂತಿತು, ನಿಂಗೆ ಹೆಂಗೆ ಗೊತ್ತು. ಯೊನೆಟ್‌ಳ ಕರಿಹಲಗೆಯ ಅದೇ ಪ್ರಶ್ನೆ. ಬೇಕಂತ ಕೇಳಿದಳೋ ಸುಮ್ಮನೆ ಕೇಳಿದಳೋ ಆ ಹೆಂಗಸು, ಖೇಮ್‌ರಾಜ್ ಒಮ್ಮೆ ಯೊನೆಟ್ ಕಡೆ ನೋಡಿದ, ನಕ್ಕ, ಹಿಮಕರಡಿಯ ದಿನ ನಕ್ಕ ಹಾಗೆ. ಗೊತ್ತಿಲ್ಲ ಮೇಡಂ, ಅಂದ, ಗೊತ್ತುಮಾಡ್ಕೊಬೇಕು. ಪ್ಯಾಂಟಿನ ಜೇಬಿನಿಂದ ಅಗಲ ಅಲಗಿನ ಚಾಕು ತೆಗೆದು ವೇದಿಕೆ ಇಳಿದು ಗೋಡೆಯ ಹತ್ತಿರ ಹೋದ.

ಇದು ಒಂದು ಕಾಲಕ್ಕೆ ಸಭಾಂಗಣವೇ ಅಲ್ಲ, ಹಳಬರು ಕಾಲೇಜನ್ನು ಕಂಬದ ಮೇಲೆ ಕಟ್ಟಿ ಕೆಳಗೆ ಬಯಲು ಬಿಟ್ಟಿದ್ದರು, ನೀರು ಬಂದರೆ ಬಂದ ದಾರಿಯಲ್ಲಿ ಹೋಗಲಿ ಅಂತ, ನಡುವಿನವರಿಗೆ ಜಾಗ ದಂಡವಾಗುತ್ತಿದೆ ಅನ್ನಿಸಿತು, ಗೋಡೆ ಎಬ್ಬಿಸಿದರು, ಊರಿನವರೆಲ್ಲ ಮಾಡುವುದೂ ಅದನ್ನೇ, ಕೈಯಲ್ಲಿ ನಾಲ್ಕು ಕಾಸು ಆಡಿದರೆ ಮೊದಲು ಕೆಳಗಿನ ಬಯಲು ಮುಚ್ಚಿ ಟೈಲ್ಸ್ ಹಾಕಿಸುವುದು, ನೀರಿಗೆ ಬಿಟ್ಟಿದ್ದ ಕೋಣೆಯಲ್ಲಿ ತಾವು ಮಲಗುವುದು. ಗೋಡೆಯ ಹಸಿ ಬಣ್ಣದ ಮೇಲೇ ಒಂದು ಪೆನ್ಸಿಲ್ ಗುರುತು, ಬೆಳಿಗ್ಗೆ ಯಾವಾಗ ಹಾಕಿದ್ದನೋ, ಅದರ ಮೇಲೆ ಅಲಗು. ಮೊದಲು ಕೆನೆ ಬಣ್ಣ, ಹಸಿ, ಬೆಣ್ಣೆಯ ಹಾಗೆ ಉರುಳೆಯಾಗಿ ಎದ್ದು ಬಂತು, ಬೋವೆಲ್‌ನ ಬಾಯಿಂದ ಗಾಳಿ ಹೊರಟಿತು, ಏನ್ ಮಾಡ್ತಿದೀಯೋ, ನಿನ್ನೆ ಬಳಿಸಿದ ಬಣ್ಣ ಅದು. ಕರಕ್ ಕರಕ್, ಕೆನೆಯ ಕೆಳಗೆ ತಿಳಿನೀಲಿ, ಅದು ಹಿಂದಿನ ಅತಿಥಿಗಳ ವರ್ಷ, ನೀಲಿಯ ಕೆಳಗೆ ಬೂದು, ಬೂದುವಿನ ಕೆಳಗೆ ಮತ್ತೆ ಬೂದು, ಗೆರೆ ಇಲ್ಲ. ಗೆರೆ ಇಲ್ಲ. ಟಿಶಾನಾ ಬಾಯಿಗೆ ಕೈ ಒತ್ತಿಕೊಂಡಿದ್ದಾಳೆ, ಆ ಹುಡುಗಿ ಸುಮ್ಮನಿರುವುದನ್ನು ಮೊದಲ ಸಲ ನೋಡುತ್ತಿರುವುದು. ತಪ್ಪಾಗಿದ್ರೆ ತಪ್ಪಾಯ್ತು ಅಂತ ಬರಿ, ಅದೂ ಸಂಶೋಧನೇನೇ, ಅಂತ ಕಲಿಸಿದವಳು ನಾನೇ, ಕಲಿಸುವುದು ಸುಲಭ, ನೂರಾರು ಕಣ್ಣುಗಳ ಎದುರು ಆ ಹುಡುಗನ ಬೆನ್ನು ನೋಡುವುದು ಕಷ್ಟ, ಬೆವರು ಅಂಗಿಯ ಮೇಲೆ ಹರಡುತ್ತಿದೆ. ಮಿಸ್ ಅಡೋನಿಸ್, ಬೋವೆಲ್ ಅವಳ ಪಕ್ಕಕ್ಕೇ ಬಂದು ಬಗ್ಗಿದ್ದಾನೆ, ಬಾಯಲ್ಲಿ ಏಲಕ್ಕಿಯ ವಾಸನೆ, ಹೋಗಿ ನಿಲ್ಸಿ ಅವನನ್ನ, ನಿಮ್ಮ ಮಾತು ಕೇಳ್ತಾನೆ, ಈಗ್ಲೇ ನಿಲ್ಸಿದ್ರೆ ನಾನು ಏನೂ ಆಗಿಲ್ಲ ಅಂದ್ಕೋತೀನಿ. ಏನೂ ಆಗಿಲ್ಲ. ಇಡೀ ಊರೇ ಹಾಗೆ ಅಂದುಕೊಂಡು ವರ್ಷವರ್ಷ ಕುಂಚ ಅದ್ದಿದೆ, ಏನೂ ಆಗಿಲ್ಲ, ಏನೂ ಆಗಿಲ್ಲ, ಒಂದರ ಮೇಲೊಂದು, ಇಷ್ಟು ದಪ್ಪ.

ಯೊನೆಟ್ ಎದ್ದಳು. ಸಾಲಿನವರು ಕಾಲು ಮಡಚಿ ದಾರಿ ಬಿಟ್ಟರು, ನಿಲ್ಲಿಸುವುದಕ್ಕೆ ಹೋಗುತ್ತಿದ್ದಾಳೆ ಅಂತ ಎಲ್ಲರಿಗೂ, ಬೋವೆಲ್‌ಗೂ, ಖೇಮ್‌ರಾಜನಿಗೂ ಹಾಗೇ ಅನ್ನಿಸಿರಬೇಕು, ಅಲಗು ಗೋಡೆಯಲ್ಲೇ ತಡೆಯಿತು, ಮಿಸ್, ಇನ್ನೊಂದೇ ಪದರ, ಅಂದ, ಕಣ್ಣಲ್ಲಿ ನೀರು. ಯಾರು ಬೇಡ ಅಂದ್ರು, ಕೆರಿ, ಅಂದಳು ಅವಳು, ದನಿ ತರಗತಿಯ ದನಿ, ಕೊನೆಯ ಬೆಂಚಿಗೆ ಕೇಳುವಂಥದು. ಕೆರೆದ. ಬೂದುವಿನ ಕೆಳಗಿಂದ ಒಂದು ಹಸಿರು ಎದ್ದು ಉದುರಿತು, ಉದುರಿದ ಜಾಗದಲ್ಲಿ ಸುಣ್ಣ, ಸುಣ್ಣದ ಮೇಲೆ — ಟಿಶಾನಾ ಕುರ್ಚಿ ತಳ್ಳಿ ಓಡಿಬಂದಳು, ಟೋಪಿಯ ಹೆಂಗಸು ಎದ್ದು ನಿಂತಳು, ಟೋಪಿ ತೆಗೆದಳು, ಯಾಕೆ ತೆಗೆದಳೋ — ಪೆನ್ಸಿಲ್ ಗುರುತಿಗೆ ಎರಡು ಬೆರಳು ಕೆಳಗೆ, ಎರಡೇ ಬೆರಳು, ಅಡ್ಡಕ್ಕೆ, ಕಂದು. ಮಿಸ್, ಆಳು ಬೇಕು, ಅಂದ ಖೇಮ್‌ರಾಜ್, ಗೆರೆ ಪಕ್ಕ ಯಾರಾದ್ರೂ ನಿಲ್ಬೇಕು. ಹಿಂದೆ ಬೋವೆಲ್ ಏನೋ ಹೇಳುತ್ತಿದ್ದಾನೆ, ಜನವರಿ ಅನ್ನುತ್ತಿದ್ದಾನೋ ಬಣ್ಣ ಅನ್ನುತ್ತಿದ್ದಾನೋ, ಹೇಳಲಿ. ಅವಳು ತಿರುಗಿ ಸಭೆಗೆ ಮುಖ ಮಾಡಿ ಗೋಡೆಗೆ ಬೆನ್ನು ಒತ್ತಿ ನಿಂತಳು, ಹೊಸ ಬಿಳಿ ಅಂಗಿಗೆ ಹಸಿ ಬಣ್ಣ ತಣ್ಣಗೆ ಅಂಟಿಕೊಂಡಿತು, ಹೋಯಿತು ಕ್ರಿಸ್‌ಮಸ್ ಅಂಗಿ, ಹೋಗಲಿ, ನೀನು ನಿಮ್ಮಪ್ಪನಷ್ಟೇ ಉದ್ದ ಕಣೇ ಅಂತ ಅಮ್ಮ ಕಂಬದ ಹತ್ತಿರ ನಿಲ್ಲಿಸಿ ಹೇಳಿದ್ದಳು, ಖೇಮ್‌ರಾಜ್ ಗೆರೆಯಿಂದ ಅವಳ ಕಡೆಗೆ ಅಡ್ಡಕ್ಕೆ ಬೆರಳು ತಂದ, ಮುಟ್ಟದೆ ನಿಲ್ಲಿಸಿದ, ಅವಳು ಕತ್ತು ಬಗ್ಗಿಸಿ ನೋಡಿದಳು ಎಲ್ಲಿಗೆ ಬಂತು ಅಂತ, ಅಂಗಿಯ ಎಡಗಡೆ ಜೇಬು, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು, ಪೆನ್ನಿಗೆ ಒಂದು ಬೆರಳು ಕೆಳಗೆ, ಅಪ್ಪನ ಬಾಚಣಿಗೆಗೆ ಒಂದು ಬೆರಳು ಕೆಳಗೆ, ನೋಡು ಐನೆಜ್, ಗೆರೆ, ಅಲ್ಲೇ, ಕಂದು ಗೆರೆ.